ಹೊಲಿದ ಭುಜಕ್ಕೆ ದಿನ ಕೊಡಿ



ಆಪರೇಷನ್ ಆಯಿತು, ಡಿಸ್ಚಾರ್ಜ್ ಮಾಡಿದರು, ಇನ್ನು ಎಲ್ಲ ಸರಿಹೋಯಿತು ಎಂದು ತಿಳಿಯುವವರೇ ನಮ್ಮಲ್ಲಿ ಹೆಚ್ಚು. ಭುಜದ ಸ್ನಾಯು ಹರಿದು, ಅದನ್ನು ಹೊಲಿಸಿಕೊಂಡು ಬಂದವರ ವಿಷಯದಲ್ಲಿ ಈ ತಿಳುವಳಿಕೆ ದೊಡ್ಡ ತಪ್ಪು. ಡಾಕ್ಟರ ಕೆಲಸ ಒಂದೆರಡು ಗಂಟೆಯಲ್ಲಿ ಮುಗಿಯುತ್ತದೆ. ಅವರು ಹಾಕಿದ ಹೊಲಿಗೆ ಗಟ್ಟಿಯಾಗಿ ಉಳಿಯಬೇಕಾದರೆ ಆಮೇಲಿನ ಮೂರು ತಿಂಗಳು ಮನೆಯಲ್ಲಿ ನಡೆಯುವುದು ಬಹಳ ಮುಖ್ಯ. ಆ ಮೂರು ತಿಂಗಳ ಬಗ್ಗೆ ಈ ಸಲ ನಿಮ್ಮೊಂದಿಗೆ ಮಾತನಾಡಬೇಕೆಂದಿದ್ದೇನೆ.

ನಮ್ಮ ದೇವಸಮುದ್ರದ ಕಡೆ ಹೆಂಗಸರ ಭುಜಕ್ಕೆ ಬಿಡುವು ಎಂಬುದೇ ಇಲ್ಲ. ಬೆಳಗಾದರೆ ನೀರಿನ ಕೊಡ, ಶುದ್ಧ ನೀರಿನ ಘಟಕದಿಂದ ತರುವ 20 ಲೀಟರಿನ ಕ್ಯಾನು. ಆಮೇಲೆ ಕಸ, ಬಟ್ಟೆ, ರೊಟ್ಟಿ. ಶೇಂಗಾ ಕಾಲ ಬಂದರೆ ಹೊಲದ ಕೆಲಸ. ಮೊಳಕಾಲ್ಮೂರಿನ ಕಡೆ ಮಗ್ಗದ ಮನೆಗಳಿದ್ದರೆ ಅಲ್ಲಿಯ ಕೆಲಸ ಬೇರೆ. ಇವೆಲ್ಲವೂ ಕೈ ಎತ್ತಿ, ಚಾಚಿ, ಎಳೆದು ಮಾಡುವ ಕೆಲಸಗಳು. ವಯಸ್ಸು ನಲವತ್ತು ಐವತ್ತು ದಾಟಿದ ಮೇಲೆ ಭುಜದ ಒಳಗಿನ ಸ್ನಾಯುಗಳು ಹಳೆಯ ಹಗ್ಗದಂತೆ ಎಳೆಎಳೆಯಾಗಿ ಸವೆದಿರುತ್ತವೆ. ಆಗ ಒಂದು ಸಲ ಜಾರಿ ಕೈಯೂರಿ ಬಿದ್ದರೂ ಸಾಕು, ಅವು ಹರಿಯಬಹುದು.

ನಮ್ಮ ಬೀದಿಯ ಸಹೋದರಿಯೊಬ್ಬರಿಗೆ ಆದದ್ದೂ ಇದೇ. ನಲ್ಲಿಯ ಹತ್ತಿರ ಪಾಚಿಯ ಮೇಲೆ ಕಾಲು ಜಾರಿತು, ಬಲಗೈ ಊರಿ ಬಿದ್ದರು. ಮೂಳೆ ಮುರಿದಿರಲಿಲ್ಲ, ಹಾಗಾಗಿ ಯಾರೂ ಅಷ್ಟು ಲಕ್ಷ್ಯ ಕೊಡಲಿಲ್ಲ. ನಾಲ್ಕು ತಿಂಗಳು ಎಣ್ಣೆ ತಿಕ್ಕಿದರು, ನಾಟಿ ಕಟ್ಟು ಕಟ್ಟಿಸಿದರು. ಕೊನೆಗೆ ತಲೆ ಬಾಚಿಕೊಳ್ಳಲೂ ಕೈ ಏಳದೆ ಹೋದಾಗ ಬಳ್ಳಾರಿಗೆ ಕರೆದುಕೊಂಡು ಹೋದರು. ಸ್ಕ್ಯಾನ್ ಮಾಡಿಸಿದಾಗ ಸ್ನಾಯು ಮೂಳೆಯಿಂದ ಕಿತ್ತುಬಂದಿರುವುದು ಗೊತ್ತಾಯಿತು. ಆಪರೇಷನ್ ಚೆನ್ನಾಗಿಯೇ ಆಯಿತು, ಅಲ್‌ಹಮ್ದುಲಿಲ್ಲಾಹ್.

ಮನೆಗೆ ಬಂದ ಒಂಬತ್ತನೆಯ ದಿನ ಚಳ್ಳಕೆರೆಯಿಂದ ನೆಂಟರು ಬಂದರು. ಆಕೆಯನ್ನೇ ನೋಡಲು ಬಂದವರು. ಊಟದ ಹೊತ್ತಾಯಿತು. ಆಕೆ ಕುತ್ತಿಗೆಯಿಂದ ಕೈಪಟ್ಟಿ ತೆಗೆದು ಮೂಲೆಗಿಟ್ಟು, ಒಲೆಯ ಮುಂದೆ ರೊಟ್ಟಿ ತಟ್ಟಲು ಕೂತರು. ನಾನು ಹೋದಾಗ ಕಂಡದ್ದು ಅದೇ. "ಇದೇನಮ್ಮಾ?" ಎಂದರೆ, "ಒಂದೇ ಕೈಯಲ್ಲಿ ರೊಟ್ಟಿ ತಟ್ಟಲಿಕ್ಕೆ ಆಗುತ್ತಾ ಬಾಜಿ?" ಎಂದರು. ಏಳು, ಅಡುಗೆ ಮಾಡು ಎಂದು ಆ ಮನೆಯಲ್ಲಿ ಯಾರೂ ಹೇಳಿರಲಿಲ್ಲ. ಆದರೆ ಏಳಬೇಡ, ಕೂತಿರು ಎಂದೂ ಯಾರೂ ಹೇಳಿರಲಿಲ್ಲ. ಅಂದು ರಾತ್ರಿಯೆಲ್ಲ ನೋವಿನಿಂದ ನಿದ್ದೆಯಿಲ್ಲ. ಮರುದಿನ ಬಳ್ಳಾರಿಗೆ ಓಡಿದರು. ಹೊಲಿಗೆ ಉಳಿದಿತ್ತು, ಅಲ್ಲಾಹನ ಕರುಣೆ. ಡಾಕ್ಟರು ಆಕೆಯನ್ನು ಬೈಯಲಿಲ್ಲ, ಜೊತೆಗೆ ಬಂದ ಗಂಡ ಮಕ್ಕಳನ್ನು ಬೈದರಂತೆ. ಅವರು ಬೈದದ್ದು ಸರಿಯಾದ ಜಾಗಕ್ಕೇ ಎಂದು ನನಗನ್ನಿಸಿತು.

ಭುಜದೊಳಗೆ ಏನು ಹೊಲಿದಿದ್ದಾರೆ?

ತೋಳಿನ ಮೂಳೆಯ ಮೇಲಿನ ತುದಿ ಚೆಂಡಿನಂತೆ ದುಂಡಗಿದೆ. ಅದು ಕೂರುವ ಗುಂಡಿ ಬಹಳ ಚಿಕ್ಕದು, ಆಳವೂ ಇಲ್ಲ. ಆದ್ದರಿಂದಲೇ ನಮ್ಮ ಕೈ ಎಲ್ಲ ದಿಕ್ಕಿಗೂ ತಿರುಗುತ್ತದೆ. ಆ ಚೆಂಡು ಗುಂಡಿಯಿಂದ ಜಾರದಂತೆ ನಾಲ್ಕು ಸ್ನಾಯುಗಳು ನಾಲ್ಕು ಕಡೆಯಿಂದ ಹಿಡಿದುಕೊಂಡಿವೆ. ಈ ನಾಲ್ಕನ್ನೂ ಸೇರಿಸಿ ಡಾಕ್ಟರು ರೊಟೇಟರ್ ಕಫ್ ಎನ್ನುತ್ತಾರೆ. ಹೆಚ್ಚಾಗಿ ಹರಿಯುವುದು ಅವುಗಳಲ್ಲಿ ಮೇಲ್ಗಡೆಯದು, ಕೈಯನ್ನು ಪಕ್ಕಕ್ಕೆ ಎತ್ತಲು ನೆರವಾಗುವ ಸ್ನಾಯು.

ಈಗ ಹೆಚ್ಚಿನ ಕಡೆ ಸಣ್ಣ ತೂತುಗಳ ಮೂಲಕ, ಒಳಗೆ ಕ್ಯಾಮೆರಾ ಬಿಟ್ಟು ಈ ಆಪರೇಷನ್ ಮಾಡುತ್ತಾರೆ. ಮೂಳೆಗೆ ಪುಟ್ಟ ಮೊಳೆಯಂಥದ್ದನ್ನು ಕೂರಿಸಿ, ಅದಕ್ಕೆ ಕಟ್ಟಿದ ದಾರದಿಂದ ಹರಿದ ಸ್ನಾಯುವಿನ ತುದಿಯನ್ನು ಎಳೆದು ಬಿಗಿಯುತ್ತಾರೆ. ಇಲ್ಲಿ ಒಂದು ಮಾತು ಗಮನಿಸಿ. ದಾರ ಸ್ನಾಯುವನ್ನು ಮೂಳೆಗೆ ಒತ್ತಿ ಹಿಡಿಯುತ್ತದೆಯೇ ಹೊರತು ಅಂಟಿಸುವುದಿಲ್ಲ. ಅಂಟಿಸುವ ಕೆಲಸ ನಮ್ಮ ದೇಹದ್ದು, ಸೃಷ್ಟಿಕರ್ತನು ಅದರಲ್ಲಿಟ್ಟ ಶಕ್ತಿಯದ್ದು. ಅದು ನಿಧಾನವಾಗಿ, ವಾರಗಟ್ಟಲೆ ನಡೆಯುತ್ತದೆ. ಅಷ್ಟರೊಳಗೆ ಕೈಯನ್ನು ಜೋರಾಗಿ ಎತ್ತಿದರೆ, ಭಾರ ಹಿಡಿದರೆ, ದಾರ ಸ್ನಾಯುವನ್ನು ಸೀಳಿಕೊಂಡು ಬರಬಹುದು. ಚರ್ಮದ ಮೇಲಿನ ಗಾಯ ಹತ್ತು ಹದಿನೈದು ದಿನದಲ್ಲಿ ಮಾಯುತ್ತದೆ. ಅದನ್ನು ನೋಡಿ ಒಳಗಿನದೂ ಮಾಯಿತು ಎಂದುಕೊಳ್ಳುವುದರಿಂದಲೇ ಬಹಳ ಕಡೆ ಎಡವಟ್ಟಾಗುತ್ತದೆ.

ದಿನಗಳ ಲೆಕ್ಕ

ಹರಿದ ಜಾಗ ಎಷ್ಟು ದೊಡ್ಡದು ಎಂಬುದರ ಮೇಲೆ ಲೆಕ್ಕ ಹೆಚ್ಚು ಕಡಿಮೆ ಆಗುತ್ತದೆ. ನಿಮ್ಮ ಡಾಕ್ಟರು ಹೇಳಿದ್ದೇ ನಿಮಗೆ ಕಟ್ಟಕಡೆಯ ಮಾತು. ಸಾಮಾನ್ಯವಾಗಿ ನಡೆಯುವುದು ಹೀಗೆ:

ಮೊದಲ 4ರಿಂದ 6 ವಾರ ಸ್ಲಿಂಗ್ ಎನ್ನುವ ಕೈಪಟ್ಟಿ ಹಗಲೂ ರಾತ್ರಿಯೂ ಇರಬೇಕು. ಈ ದಿನಗಳಲ್ಲಿ ಆ ಭುಜ ತಾನಾಗಿ ಏನನ್ನೂ ಎತ್ತಬಾರದು. ಫಿಸಿಯೋಥೆರಪಿಸ್ಟ್ ಅಥವಾ ನಿಮ್ಮ ಇನ್ನೊಂದು ಕೈ ಅದನ್ನು ಮೆಲ್ಲಗೆ ಚಲಿಸಬಹುದು, ಅದೂ ಡಾಕ್ಟರು ಒಪ್ಪಿದರೆ ಮಾತ್ರ. ಆದರೆ ಬೆರಳು, ಮಣಿಕಟ್ಟುಗಳನ್ನು ಮೊದಲ ದಿನದಿಂದಲೇ ಆಡಿಸುತ್ತಿರಬೇಕು. ಮೊಣಕೈ ಚಾಚಿ ಮಡಚುವುದನ್ನು ಯಾವಾಗ ಶುರು ಮಾಡಬೇಕೆಂದು ಕೇಳಿಕೊಂಡೇ ಮನೆಗೆ ಬನ್ನಿ.

ಸುಮಾರು 6 ವಾರದ ನಂತರ ಕೈಯನ್ನು ತಾನಾಗಿ ಎತ್ತುವ ಅಭ್ಯಾಸ ಶುರುವಾಗುತ್ತದೆ. ಭಾರ ಹಿಡಿದು ಬಲ ಬರಿಸುವ ವ್ಯಾಯಾಮ ಸುಮಾರು 12 ವಾರ ಕಳೆದ ಮೇಲೆ. ಮನೆಯ ಸಾಧಾರಣ ಕೆಲಸಗಳಿಗೆ 4ರಿಂದ 6 ತಿಂಗಳು ಬೇಕಾಗಬಹುದು. ಪೂರ್ತಿ ಬಲ ಬರಲು ಕೆಲವರಿಗೆ ಒಂದು ವರ್ಷವೂ ಹಿಡಿಯುತ್ತದೆ.

ಇಷ್ಟು ದಿನವೇ ಎಂದು ಗಾಬರಿಯಾಗಬೇಡಿ. 2006ರ ಮಾರ್ಚ್‌ನಲ್ಲಿ ಸಚಿನ್ ತೆಂಡೂಲ್ಕರ್‌ಗೆ ಲಂಡನ್‌ನಲ್ಲಿ ಬಲಭುಜದ ಶಸ್ತ್ರಚಿಕಿತ್ಸೆ ಆಯಿತು. ವೆಸ್ಟ್ ಇಂಡೀಸ್ ಪ್ರವಾಸ ತಪ್ಪಿತು. ಅವರು ಮತ್ತೆ ಭಾರತದ ಪರ ಬ್ಯಾಟ್ ಹಿಡಿದದ್ದು ಸೆಪ್ಟೆಂಬರ್‌ನಲ್ಲಿ. ಒಬ್ಬ ಆಟಗಾರನ ಭುಜ ಸರಿಹೋಗಲೆಂದು ದೇಶವೇ ಆರು ತಿಂಗಳು ಕಾದಿತು. ನಮ್ಮ ಮನೆಯ ಅಮ್ಮನ ಭುಜಕ್ಕಾಗಿ ಆರು ವಾರ ಕಾಯುವುದು ನಮಗೆ ಕಷ್ಟವೇ?

ಮೊದಲ ವಾರಗಳ ಸಣ್ಣ ಸಣ್ಣ ಸಂಗತಿಗಳು

ಭುಜಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟಿದ್ದರೆ ಮೊದಲ ದಿನ ಕೈ ಜೋಮು ಹಿಡಿದಂತಿರುತ್ತದೆ, ನೋವು ಅಷ್ಟಾಗಿ ಇರುವುದಿಲ್ಲ. ಅದು ಇಳಿಯುತ್ತಿದ್ದಂತೆ ನೋವು ಒಮ್ಮೆಲೇ ಏರುತ್ತದೆ. ಅದಕ್ಕಾಗಿ ಡಾಕ್ಟರು ಬರೆದ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಿ. ಸಹಿಸಿಕೊಂಡರೆ ಪುಣ್ಯ ಎಂದು ಮಾತ್ರೆ ಬಿಡಬೇಡಿ. ಔಷಧಿ ಮಾಡಿಕೊಳ್ಳಿರಿ ಎಂದು ಪ್ರವಾದಿ(ಸ)ರೇ ಕಲಿಸಿದ್ದಾರೆ. ಅಲ್ಲಾಹನು ಕಾಯಿಲೆಯ ಜೊತೆಗೆ ಅದರ ಮದ್ದನ್ನೂ ಇಳಿಸಿದ್ದಾನೆಂದು ತಿಳಿಸಿದ್ದಾರೆ. ಆದರೆ ಮೆಡಿಕಲ್ ಶಾಪಿನಿಂದ ನೀವೇ ಇನ್ನೊಂದು ನೋವಿನ ಮಾತ್ರೆ ತಂದು ಸೇರಿಸಬೇಡಿ. ಬಿಪಿ, ಕಿಡ್ನಿ, ಹೊಟ್ಟೆಹುಣ್ಣಿನ ತೊಂದರೆ ಇದ್ದವರಂತೂ ಕೇಳದೆ ಮುಟ್ಟಲೇಬಾರದು. ಐಸ್ ಇಡಲು ಹೇಳಿದ್ದರೆ ಬಟ್ಟೆಯಲ್ಲಿ ಸುತ್ತಿ 15-20 ನಿಮಿಷ ಇಡಿ. ಡ್ರೆಸ್ಸಿಂಗ್ ಒದ್ದೆಯಾಗಬಾರದು.

ರಾತ್ರಿಯೇ ಹೆಚ್ಚು ಕಷ್ಟ. ಚಪ್ಪಟೆಯಾಗಿ ಮಲಗಿದರೆ ಭುಜ ಎಳೆಯುತ್ತದೆ. ಬೆನ್ನಿಗೆ ಎರಡು ಮೂರು ದಿಂಬು ಕೊಟ್ಟು ಅರ್ಧ ಕೂತಂತೆ ಒರಗಿ, ಮೊಣಕೈ ಕೆಳಗೊಂದು ಚಿಕ್ಕ ದಿಂಬಿಟ್ಟರೆ ನಿದ್ದೆ ಬರುತ್ತದೆ. ನೆಲದ ಮೇಲೆ ಹಾಸಿ ಮಲಗುವ ರೂಢಿಯಿದ್ದರೆ ಈ ಎರಡು ತಿಂಗಳಾದರೂ ಮಂಚ ಕೊಡಿ. ನೆಲದಿಂದ ಏಳುವಾಗ ಗೊತ್ತಿಲ್ಲದೆಯೇ ಕೈಯೂರಿ ಬಿಡುತ್ತೇವೆ. ಹೊಲಿದ ಭುಜದ ಮೇಲೆ ಮೈಭಾರ ಹಾಕಿ ಏಳುವುದು ಕೊಡ ಎತ್ತಿದ್ದಕ್ಕಿಂತ ಕಡಿಮೆ ಅಪಾಯವಲ್ಲ.

ಬಟ್ಟೆಯ ವಿಷಯ. ಮುಂದೆ ಗುಂಡಿಯಿರುವ ಸಡಿಲ ನೈಟಿ, ಮುಂದೆ ಹುಕ್ಕಿರುವ ಬ್ಲೌಸ್ ಒಳ್ಳೆಯದು. ತಲೆಯ ಮೇಲಿಂದ ಎಳೆದುಕೊಳ್ಳುವ ಬುರ್ಖಾ ಬೇಡ, ಮುಂದೆ ಜಿಪ್ಪು ಅಥವಾ ಗುಂಡಿಯಿರುವುದನ್ನು ಬಳಸಿ. ತೊಡುವಾಗ ಆಪರೇಷನ್ ಆದ ಕೈಯನ್ನು ಮೊದಲು ತೋಳಿನೊಳಗೆ ಹಾಕಿ, ಕಳಚುವಾಗ ಆ ಕೈಯನ್ನು ಕೊನೆಗೆ ಬಿಡಿಸಿ. ಇದೊಂದನ್ನು ನೆನಪಿಟ್ಟರೆ ಅರ್ಧ ನೋವು ತಪ್ಪುತ್ತದೆ. ಸೆರಗು ಸರಿಪಡಿಸಲು, ಬ್ಲೌಸಿನ ಹಿಂದಿನ ಹುಕ್ಕು ಹಾಕಲು ಕೈಯನ್ನು ಬೆನ್ನ ಹಿಂದಕ್ಕೆ ಒಯ್ಯಬಾರದು. ಜಡೆಯನ್ನು ಮಗಳೋ ಸೊಸೆಯೋ ಹಾಕಲಿ. ಕಂಕುಳಲ್ಲಿ ಬೆವರು ನಿಂತು ಹುಣ್ಣಾಗದಂತೆ, ಡಾಕ್ಟರು ತೋರಿಸಿದ ರೀತಿಯಲ್ಲಿ ಮುಂದಕ್ಕೆ ಬಾಗಿ ಒರೆಸಿ ಒಣಗಿಸಬೇಕು.

ಎಲೆಅಡಿಕೆಯ ಜೊತೆ ಹೊಗೆಸೊಪ್ಪು, ಕಡ್ಡಿಪುಡಿ ಹಾಕುವ ಅಭ್ಯಾಸ ನಮ್ಮ ಕಡೆಯ ಹೆಂಗಸರಲ್ಲಿಯೂ ಇದೆ. ತಂಬಾಕು ರಕ್ತನಾಳಗಳನ್ನು ಸಂಕುಚಿಸುತ್ತದೆ. ಹೊಲಿದ ಜಾಗಕ್ಕೆ ರಕ್ತ ಹೋಗದಿದ್ದರೆ ಗಾಯ ಮಾಯುವುದು ಹೇಗೆ? ಸಕ್ಕರೆ ಕಾಯಿಲೆ ಇದ್ದವರು ಈ ದಿನಗಳಲ್ಲಿ ಸಕ್ಕರೆಯನ್ನು ಹತೋಟಿಯಲ್ಲಿಡಲೇಬೇಕು. ಇಲ್ಲವಾದರೆ ಗಾಯ ಮಾಯುವುದು ತಡ, ಭುಜ ಬಿಗಿದುಕೊಳ್ಳುವುದು ಬೇಗ. ಊಟದಲ್ಲಿ ಬೇಳೆ, ಕಾಳು, ಮೊಟ್ಟೆ, ಹಾಲು, ಸೊಪ್ಪು ಇರಲಿ. ಬಾಣಂತಿಗೆ ಮಾಡುವ ಕಾಳಜಿಯಲ್ಲಿ ಕಾಲು ಭಾಗ ಮಾಡಿದರೂ ಸಾಕು.

ಎಣ್ಣೆ ತಿಕ್ಕುವವರು, ಎಳೆದು ನೆಟಿಕೆ ತೆಗೆಯುವವರು ಈ ಭುಜದ ಹತ್ತಿರ ಬರಬಾರದು. ಅವರ ಉದ್ದೇಶ ಒಳ್ಳೆಯದಿರಬಹುದು, ಆದರೆ ಒಳಗಿನ ಹೊಲಿಗೆ ಅವರ ಕಣ್ಣಿಗೆ ಕಾಣುವುದಿಲ್ಲ.

ಇನ್ನು ಕೆಲವರು ಇದಕ್ಕೆ ತದ್ವಿರುದ್ಧ. ನೋವಿಗೆ ಹೆದರಿ ಆರು ವಾರ ಕಳೆದರೂ ಪಟ್ಟಿ ತೆಗೆಯುವುದಿಲ್ಲ, ವ್ಯಾಯಾಮವನ್ನೂ ಮಾಡುವುದಿಲ್ಲ. ಆಗ ಭುಜ ಬಿಗಿದು ಹಲಗೆಯಂತಾಗುತ್ತದೆ. ಕೂತಿರು ಎಂದ ದಿನ ಕೂತಿರಬೇಕು, ಆಡಿಸು ಎಂದ ದಿನ ಆಡಿಸಬೇಕು. ಪಕ್ಕದ ಮನೆಯವರಿಗೆ ಹೇಳಿಕೊಟ್ಟ ವ್ಯಾಯಾಮ ನಿಮ್ಮದಲ್ಲ, ನಿಮಗೆ ಹೇಳಿಕೊಟ್ಟದ್ದೇ ನಿಮ್ಮದು.

ವುಝೂ, ಸ್ನಾನ, ನಮಾಝ್

ಹಲವು ಸಹೋದರಿಯರು ಈ ದಿನಗಳಲ್ಲಿ ನಮಾಝನ್ನೇ ಬಿಟ್ಟುಬಿಡುತ್ತಾರೆ. "ಬ್ಯಾಂಡೇಜ್ ಇದೆ, ವುಝೂ ಆಗುವುದಿಲ್ಲ" ಎನ್ನುತ್ತಾರೆ. ಸ್ವಲ್ಪ ಯೋಚಿಸಿ. ವುಝೂವಿನಲ್ಲಿ ಕೈ ತೊಳೆಯಬೇಕಾದದ್ದು ಮೊಣಕೈವರೆಗೆ. ಭುಜದ ಗಾಯ ಅದಕ್ಕಿಂತ ಮೇಲಿದೆ. ಅಂದರೆ ಗಾಯಕ್ಕೂ ವುಝೂವಿಗೂ ಸಂಬಂಧವೇ ಬರುವುದಿಲ್ಲ. ಕೂತು, ಕೈಯನ್ನು ಮೈಗೆ ತಾಗಿಸಿಯೇ ಇಟ್ಟುಕೊಂಡು ಪಟ್ಟಿ ಸಡಿಲಿಸಿ, ಇನ್ನೊಬ್ಬರು ನೀರು ಹಾಕಿದರೆ ವುಝೂ ಆಯಿತು. ನೀರು ಹಾಕಿಸಿಕೊಳ್ಳಲು ಸಂಕೋಚ ಬೇಡ. ಪ್ರಯಾಣವೊಂದರಲ್ಲಿ ಪ್ರವಾದಿ(ಸ)ರು ವುಝೂ ಮಾಡುವಾಗ ಹ. ಮುಗೀರಾ(ರ)ರು ನೀರು ಹಾಕಿದ ವರದಿ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಪಟ್ಟಿ ಸಡಿಲಿಸಲೂ ಬಾರದು ಎಂದು ಡಾಕ್ಟರು ಹೇಳಿದ್ದರೆ, ಏನು ಮಾಡಬೇಕೆಂದು ನಿಮ್ಮ ಊರಿನ ಆಲಿಮರನ್ನು ಕೇಳಿ.

ಗಾಯದ ಪ್ರಶ್ನೆ ಬರುವುದು ಫರ್ಝ್ ಸ್ನಾನದಲ್ಲಿ. ಅಲ್ಲಿಯೂ ದಾರಿಯಿದೆ. ನೀರು ತಾಗಬಾರದ ಜಾಗವನ್ನು ಬಿಟ್ಟು ಉಳಿದ ಮೈ ತೊಳೆದು, ಡ್ರೆಸ್ಸಿಂಗಿನ ಮೇಲೆ ಒದ್ದೆ ಕೈ ಸವರುವುದು ಹನಫೀ ಮಸ್‌ಲಕಿನವರ ರೀತಿ. ಶಾಫಿಈ ಮಸ್‌ಲಕಿನಲ್ಲಿ ಅದರ ಜೊತೆಗೆ ತಯಮ್ಮುಮ್ ಕೂಡ ಮಾಡಬೇಕು. ಒದ್ದೆ ಕೈ ಸವರುವುದೂ ಹಾನಿ ಎಂದಾದರೆ ಅದಕ್ಕೂ ವಿನಾಯಿತಿ ಇದೆ.

ಈ ವಿನಾಯಿತಿಗಳನ್ನು ಹಗುರವಾಗಿ ನೋಡುವವರಿಗೆ ಅಬೂದಾವೂದ್‌ನಲ್ಲಿ ಬಂದಿರುವ ಒಂದು ಘಟನೆ ನೆನಪಿಸಬೇಕು. ಪ್ರಯಾಣದಲ್ಲಿದ್ದ ಒಬ್ಬರಿಗೆ ಕಲ್ಲು ಬಡಿದು ತಲೆಗೆ ಗಾಯವಾಗಿತ್ತು. ರಾತ್ರಿ ಅವರಿಗೆ ಸ್ನಾನ ಕಡ್ಡಾಯವಾಯಿತು. ತಯಮ್ಮುಮ್ ಸಾಕೇ ಎಂದು ಜೊತೆಗಾರರನ್ನು ಕೇಳಿದರು. ನೀರಿದೆಯಲ್ಲ, ವಿನಾಯಿತಿ ಇಲ್ಲ ಎಂದರು ಅವರು. ಆ ವ್ಯಕ್ತಿ ಸ್ನಾನ ಮಾಡಿದರು, ತೀರಿಕೊಂಡರು. ವಿಷಯ ತಿಳಿದ ಪ್ರವಾದಿ(ಸ)ರು ಆ ಜೊತೆಗಾರರ ಮೇಲೆ ಬಹಳ ಕೋಪಗೊಂಡರು. ಆ ಸಾವಿಗೆ ಅವರನ್ನೇ ಹೊಣೆ ಮಾಡಿದರು. ಗೊತ್ತಿಲ್ಲದಿದ್ದರೆ ಕೇಳಬೇಕಾಗಿತ್ತು ಎಂದರು. ರೋಗಿಗೆ ಅಲ್ಲಾಹನು ಕೊಟ್ಟ ರಿಯಾಯಿತಿಯನ್ನು ಕಿತ್ತುಕೊಳ್ಳುವ ಹಕ್ಕು ನಮಗಾರಿಗೂ ಇಲ್ಲ.

ನಮಾಝಿನಲ್ಲಿ ತಕ್ಬೀರಿಗೆ ಕೈ ಎತ್ತುವುದು ಸುನ್ನತ್. ಒಂದು ಕೈ ಏಳದಿದ್ದರೆ ಇನ್ನೊಂದನ್ನಷ್ಟೇ ಎತ್ತಿ, ಅದೂ ಆಗದಿದ್ದರೆ ಬಾಯಲ್ಲಿ ತಕ್ಬೀರ್ ಹೇಳಿ. ಪಟ್ಟಿಯೊಳಗಿನ ಕೈ ಪಟ್ಟಿಯೊಳಗೇ ಇರಲಿ. ಸುಜೂದಿನಲ್ಲಿ ಕೈಯೂರುವಾಗ ಭುಜದ ಮೇಲೆ ಭಾರ ಬೀಳುತ್ತದೆ. ಭಾರ ಹಾಕದೆ ಸುಜೂದ್ ಮಾಡಲಾಗದಿದ್ದರೆ, ಕುರ್ಚಿಯ ಮೇಲೋ ನೆಲದ ಮೇಲೋ ಕೂತು, ತಲೆ ಬಾಗಿಸಿ ಸನ್ನೆಯಿಂದ ಮಾಡಿ. ರುಕೂವಿಗಿಂತ ಸುಜೂದಿಗೆ ಸ್ವಲ್ಪ ಹೆಚ್ಚು ಬಾಗಿ. ಹ. ಇಮ್ರಾನ್ ಬಿನ್ ಹುಸೈನ್(ರ)ರು ತಮ್ಮ ಕಾಯಿಲೆಯಲ್ಲಿ ನಮಾಝಿನ ಬಗ್ಗೆ ಕೇಳಿದಾಗ, ನಿಂತು ಮಾಡಲು, ಆಗದಿದ್ದರೆ ಕೂತು, ಅದೂ ಆಗದಿದ್ದರೆ ಮಗ್ಗುಲಾಗಿ ಮಲಗಿ ಮಾಡಲು ಪ್ರವಾದಿ(ಸ)ರು ತಿಳಿಸಿದರು. ದುಪಟ್ಟಾ ಸುತ್ತಿಕೊಳ್ಳಲಾಗದವರಿಗೆ ತಲೆಯಿಂದ ಇಳಿಬಿಡುವ ಹೊಲಿದ ಮಖ್ನಾ ಅನುಕೂಲ. ಅದನ್ನು ಮನೆಯವರು ತೊಡಿಸಲಿ.

ನಾಚಿಕೆಯಿಂದ ಯಾರೂ ಕೇಳದ ಇನ್ನೊಂದು ಪ್ರಶ್ನೆ ಇದೆ. ಬಲಭುಜದ ಆಪರೇಷನ್ ಆದವರು ಎಡಗೈಯಲ್ಲಿ ಉಣ್ಣಬಹುದೇ? ಎಡಭುಜದ ಆಪರೇಷನ್ ಆದವರು ಬಲಗೈಯಲ್ಲಿ ಶೌಚ ಮಾಡಬಹುದೇ? ಕಾರಣ ಇರುವಾಗ ಮಾಡಬಹುದು, ದೋಷವಿಲ್ಲವೆಂದು ವಿದ್ವಾಂಸರು ಹೇಳಿದ್ದಾರೆ. ಉಪವಾಸದ ತಿಂಗಳು ಬಂದರೆ ರೋಗಿಗೆ ಕುರ್‌ಆನ್ ವಿನಾಯಿತಿ ಕೊಟ್ಟಿದೆ, ಬಿಟ್ಟುಹೋದದ್ದನ್ನು ಗುಣವಾದ ಮೇಲೆ ತೀರಿಸಿದರಾಯಿತು. ಮಾತ್ರೆಯ ಹೊತ್ತು ಬದಲಿಸುವ ಮುಂಚೆ ಡಾಕ್ಟರನ್ನು ಕೇಳಿ.

ಒಂದು ವರ್ಷ ಮದ್ದು ಮಾಡಿಸಿಕೊಂಡ ಭುಜ

ಹ. ಉಮ್ಮು ಉಮಾರಾ(ರ)ರ ಹೆಸರು ನೀವು ಕೇಳಿರುತ್ತೀರಿ. ನುಸೈಬಾ ಬಿನ್ತ್ ಕಅಬ್ ಎಂಬುದು ಅವರ ಹೆಸರು, ಮದೀನಾದ ಅನ್ಸಾರಿ ಮಹಿಳೆ. ಹಿಜರಿ 3ರಲ್ಲಿ, ಅಂದರೆ ಕ್ರಿ.ಶ. 625ರಲ್ಲಿ, ಉಹುದ್ ಯುದ್ಧಕ್ಕೆ ಅವರು ಹೋದದ್ದು ನೀರಿನ ಚರ್ಮದ ಚೀಲ ಹೊತ್ತುಕೊಂಡು, ಗಾಯಾಳುಗಳಿಗೆ ನೀರು ಕೊಡಲು. ಯುದ್ಧ ತಿರುಗಿಬಿದ್ದು ಜನ ಚದುರಿದಾಗ ಚೀಲ ಕೆಳಗಿಟ್ಟು ಕತ್ತಿ ಹಿಡಿದರು, ಪ್ರವಾದಿ(ಸ)ರಿಗೆ ಅಡ್ಡ ನಿಂತರು. ಇಬ್ನು ಕಮಿಅ ಎಂಬಾತನ ಏಟು ಅವರ ಭುಜದ ಮೇಲೆ ಬಿತ್ತು. ಎಷ್ಟು ಆಳದ ಗಾಯವೆಂದರೆ, ವರ್ಷಗಳ ನಂತರವೂ ಅಲ್ಲಿ ಗುಳಿ ಬಿದ್ದದ್ದನ್ನು ನೋಡಿದ ಮಹಿಳೆಯ ವರದಿ ಚರಿತ್ರೆಯ ಗ್ರಂಥಗಳಲ್ಲಿದೆ.

ನಾವು ಭಾಷಣಗಳಲ್ಲಿ ಅವರ ಕತ್ತಿಯ ವಿಷಯ ಹೇಳಿ ಅಲ್ಲಿಗೇ ನಿಲ್ಲಿಸುತ್ತೇವೆ. ಅದರ ಮುಂದಿನದನ್ನು ಹೇಳುವುದಿಲ್ಲ. ಯುದ್ಧದ ಮರುದಿನವೇ ಹಮ್ರಾಉಲ್ ಅಸದ್‌ಗೆ ಹೊರಡಲು ಕರೆ ಬಂತು. ಉಮ್ಮು ಉಮಾರಾ(ರ)ರು ಬಟ್ಟೆ ಬಿಗಿದುಕೊಂಡು ಹೊರಟರು. ರಕ್ತ ನಿಲ್ಲಲಿಲ್ಲ, ಹೋಗಲಾಗಲಿಲ್ಲ. ಮನೆಯಲ್ಲೇ ಉಳಿದರು. ಪ್ರವಾದಿ(ಸ)ರು ಅಲ್ಲಿಂದ ಮರಳಿದಾಗ ತಮ್ಮ ಮನೆ ಸೇರುವ ಮುನ್ನವೇ ಅವರ ಸಹೋದರನನ್ನು ಕಳಿಸಿ ಅವರ ಆರೋಗ್ಯ ವಿಚಾರಿಸಿದರು, ಕ್ಷೇಮವಾಗಿದ್ದಾರೆಂದು ತಿಳಿದು ಸಂತೋಷಪಟ್ಟರೆಂದು ಬರೆದಿದ್ದಾರೆ. ಆ ಗಾಯಕ್ಕೆ ಅವರು ಒಂದು ವರ್ಷ ಚಿಕಿತ್ಸೆ ಮಾಡಿಸಿಕೊಂಡರು. ಆಮೇಲೆ ಎದ್ದರು. ಎಷ್ಟೋ ವರ್ಷಗಳ ನಂತರ ಯಮಾಮದ ಯುದ್ಧದಲ್ಲಿಯೂ ಭಾಗವಹಿಸಿದರು.

ಸಹೋದರಿಯರೇ, ಅಂಥ ವೀರ ಮಹಿಳೆಯೇ ಭುಜದ ಗಾಯಕ್ಕೆ ಒಂದು ವರ್ಷ ಕೊಟ್ಟರು. ಅವರನ್ನು ಸೋಮಾರಿ ಎಂದು ಯಾರೂ ಅನ್ನಲಿಲ್ಲ. ಹಾಗಿರುವಾಗ, ಸ್ಲಿಂಗ್ ಹಾಕಿಕೊಂಡು ಕೂತರೆ ಜನ ಏನೆನ್ನುತ್ತಾರೋ ಎಂದು ನಾವು ಯಾಕೆ ಹೆದರಬೇಕು? ದೇಹಕ್ಕೂ ನಮ್ಮ ಮೇಲೆ ಹಕ್ಕಿದೆ ಎಂಬುದು ಪ್ರವಾದಿ(ಸ)ರ ಉಪದೇಶ. ಅದು ಅಲ್ಲಾಹನು ನಮ್ಮ ಕೈಗೆ ಕೊಟ್ಟ ಅಮಾನತ್. ಅಮಾನತನ್ನು ಕೆಡಿಸಿ ಅತಿಥಿ ಸತ್ಕಾರ ಮಾಡಬೇಕೆಂದು ಯಾರೂ ನಮ್ಮನ್ನು ಕೇಳಿಲ್ಲ.

ಮನೆಯವರಿಗೆ ಒಂದು ಮಾತು

ಈ ಭಾಗವನ್ನು ದಯವಿಟ್ಟು ಮನೆಯ ಗಂಡಸರಿಗೂ ಓದಿ ಹೇಳಿ.

ನಮ್ಮ ಹೆಂಗಸರು ತಾವಾಗಿ ವಿಶ್ರಾಂತಿ ಕೇಳುವುದಿಲ್ಲ. ಕೇಳುವ ರೂಢಿಯೇ ನಮ್ಮಲ್ಲಿಲ್ಲ. ಸಿಂಕಿನಲ್ಲಿ ಪಾತ್ರೆ ಬಿದ್ದಿದ್ದರೆ, ಮಗು ಅತ್ತರೆ, ಹಾಲು ಉಕ್ಕಿದರೆ ಕೈ ತಾನಾಗಿ ಮುಂದೆ ಹೋಗುತ್ತದೆ. ಆದ್ದರಿಂದ "ನೀನು ರೆಸ್ಟ್ ತಗೋ" ಎಂದು ಹೇಳಿ ಹೊರಗೆ ಹೋದರೆ ಆಗಲಿಲ್ಲ. ಆ ಪಾತ್ರೆಯನ್ನು ತೊಳೆದು ಹೋಗಬೇಕು. ಕೆಲಸ ಕಣ್ಣ ಮುಂದೆ ಇಲ್ಲದಿದ್ದಾಗ ಮಾತ್ರ ಆಕೆಯ ಭುಜಕ್ಕೆ ನಿಜವಾದ ವಿಶ್ರಾಂತಿ.

ಪ್ರವಾದಿ(ಸ)ರು ಮನೆಯಲ್ಲಿ ಏನು ಮಾಡುತ್ತಿದ್ದರು ಎಂದು ಕೇಳಿದಾಗ ಹ. ಆಯಿಶಾ(ರ)ರು, ಅವರು ಮನೆಯವರ ಕೆಲಸಗಳಲ್ಲಿ ತೊಡಗಿರುತ್ತಿದ್ದರು, ನಮಾಝಿನ ಹೊತ್ತಾದಾಗ ಹೊರಡುತ್ತಿದ್ದರು ಎಂದು ತಿಳಿಸಿದ್ದಾರೆ. ಬುಖಾರಿಯಲ್ಲಿದೆ. ಸುನ್ನತಿನ ಮಾತು ಬಂದರೆ ಗಡ್ಡ, ಮಿಸ್ವಾಕ್ ಎಲ್ಲರಿಗೂ ನೆನಪಾಗುತ್ತದೆ. ಹೆಂಡತಿಯ ಕೈಗೆ ಪಟ್ಟಿ ಬಿದ್ದಿರುವಾಗ ನೀರಿನ ಕ್ಯಾನು ಹೊತ್ತು ತರುವುದೂ ಸುನ್ನತಿನ ದಾರಿಯೇ. ಬೆಳೆದ ಗಂಡುಮಕ್ಕಳು ಬಟ್ಟೆ ಒಗೆಯಲಿ, ಕಸ ಗುಡಿಸಲಿ. ಮರ್ಯಾದೆ ಕಡಿಮೆಯಾಗುವುದಿಲ್ಲ. ಎಲ್ಲವನ್ನೂ ಹೆಣ್ಣುಮಗಳ ತಲೆಗೆ ಹಾಕಿ ಅವಳ ಶಾಲೆ ಬಿಡಿಸಬೇಡಿ. ಒಬ್ಬ ಟೀಚರಾಗಿ ಇದನ್ನು ಕೈಮುಗಿದು ಕೇಳುತ್ತೇನೆ. ತಾಯಿಯ ಕಾಯಿಲೆಯಲ್ಲಿ ಎರಡು ತಿಂಗಳಿಗೆಂದು ಶಾಲೆ ಬಿಟ್ಟ ಹುಡುಗಿ ಮತ್ತೆ ತರಗತಿಗೆ ಬರುವುದು ಬಹಳ ಕಷ್ಟ.

ಅತ್ತೆಯಂದಿರಿಗೂ ಒಂದು ಮಾತು. ನಿಮ್ಮ ಕಾಲದಲ್ಲಿ ನೋವಿದ್ದೂ ದುಡಿದಿರಿ, ಅದು ದೊಡ್ಡದು. ಆದರೆ ಅಂದು ನಿಮಗೆ ಸಿಗದ ವಿಶ್ರಾಂತಿಯನ್ನು ಇಂದು ಸೊಸೆಗೆ ಕೊಟ್ಟರೆ, ಆ ದುಡಿಮೆಗಿಂತ ದೊಡ್ಡ ಪುಣ್ಯ ನಿಮ್ಮದಾಗುತ್ತದೆ, ಇನ್‌ಶಾ ಅಲ್ಲಾಹ್.

ನೋಡಲು ಹೋಗುವ ನಾವೂ ಸ್ವಲ್ಪ ಬದಲಾಗಬೇಕು. ರೋಗಿಯನ್ನು ಸಂದರ್ಶಿಸುವುದು ಒಬ್ಬ ಮುಸ್ಲಿಮನ ಮೇಲೆ ಇನ್ನೊಬ್ಬನಿಗಿರುವ ಹಕ್ಕು. ಊಟದ ಹೊತ್ತಿಗೆ ಹೋಗಿ ಚಾಪೆ ಹಾಕಿಸಿಕೊಂಡು ಕೂರುವುದು ಆ ಹಕ್ಕಿನಲ್ಲಿ ಸೇರಿಲ್ಲ. ಹೋಗುವಾಗ ಒಂದು ಡಬ್ಬಿ ಸಾರು, ನಾಲ್ಕು ರೊಟ್ಟಿ ಒಯ್ಯಿರಿ. ಹತ್ತು ನಿಮಿಷ ಕೂತು, ದುಆ ಮಾಡಿ, ಬರುವಾಗ ಅಲ್ಲಿರುವ ಪಾತ್ರೆ ತೊಳೆದು ಬನ್ನಿ. "ನಮ್ಮ ಕಡೆಯ ಒಬ್ಬರಿಗೂ ಹೀಗೇ ಆಗಿ ಕೈಯೇ ಹೋಯಿತು" ಎಂಬ ಕಥೆಯನ್ನು ಮನೆಯಲ್ಲೇ ಬಿಟ್ಟುಹೋಗಿ. ಮೇಲೆ ಹೇಳಿದ ಸಹೋದರಿಯ ಮನೆಗೆ ಆಮೇಲಿನ ಆರು ವಾರ ಬೀದಿಯ ಮನೆಗಳವರು ಸರದಿಯಂತೆ ರೊಟ್ಟಿ ಕಳಿಸಿದರು. ಅವರಲ್ಲಿ ಹಿಂದೂ ಸಹೋದರಿಯರೂ ಇದ್ದರು. ಇಷ್ಟು ಮಾಡಲು ಯಾವ ಸಂಘವೂ ಬೇಕಾಗಲಿಲ್ಲ.

ಖರ್ಚಿನ ಬಗ್ಗೆ ಎರಡು ಮಾತು. ನಮ್ಮ ರಾಜ್ಯದಲ್ಲಿ 2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಇದೆ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ನಿಮ್ಮ ಆಪರೇಷನ್ ಅದರಲ್ಲಿ ಬರುತ್ತದೆಯೇ, ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕೇ ಎಂದು ಸೇರುವ ಮುಂಚೆಯೇ ವಿಚಾರಿಸಿ. ಆಪರೇಷನ್ ಆದ ಮೇಲಿನ ಫಿಸಿಯೋಥೆರಪಿಗಾಗಿ ಮತ್ತೆ ಮತ್ತೆ ಹೋಗಬೇಕಾಗುತ್ತದೆ. ರಾಂಪುರಕ್ಕೆ ಬಂದು ಬಳ್ಳಾರಿ ಬಸ್ಸು ಹಿಡಿಯುವ ನಮ್ಮಂಥವರಿಗೆ ಅದು ಒಂದು ದಿನದ ಕೆಲಸ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಸರಕಾರಿ ಬಸ್ಸಿನಲ್ಲಿ ಟಿಕೆಟ್ ಹಣವಿಲ್ಲ, ಆದರೆ ನೂಕುನುಗ್ಗಲು ಹೆಚ್ಚು. ಮೇಲಿನ ಕಂಬಿ ಹಿಡಿದು ನಿಲ್ಲುವ ಹಾಗೆ ಆಗಬಾರದು. ಜೊತೆಗೊಬ್ಬರು ಹೋಗಿ ಸೀಟು ಹಿಡಿದುಕೊಡಿ. ಬೈಕಿನ ಹಿಂದೆ ಕೂರಿಸಿಕೊಂಡು ಹೋಗುವುದಂತೂ ಸ್ಲಿಂಗ್ ತೆಗೆಯುವವರೆಗೆ ಬೇಡ.

ತಡಮಾಡಬಾರದ ಲಕ್ಷಣಗಳು

ಜ್ವರ ಬಂದರೆ, ಗಾಯದಿಂದ ಕೀವು ಸೋರಿದರೆ, ಸುತ್ತ ಕೆಂಪಾಗಿ ಬಿಸಿಯಾದರೆ, ಮೊದಲ ದಿನದ ಜೋಮು ಇಳಿದ ಮೇಲೂ ಬೆರಳುಗಳು ಮರಗಟ್ಟಿದರೆ ಅಥವಾ ನೀಲಿಗಟ್ಟಿದರೆ, ಕಡಿಮೆಯಾಗುತ್ತಿದ್ದ ನೋವು ಬಿದ್ದದ್ದರಿಂದಲೋ ಎಳೆತದಿಂದಲೋ ಒಮ್ಮೆಲೇ ಹೆಚ್ಚಾದರೆ, ಅಂದೇ ಡಾಕ್ಟರಿಗೆ ತೋರಿಸಿ. ಮೀನಖಂಡ ಊದಿ ನೋಯುತ್ತಿದ್ದರೂ ತಡಮಾಡಬೇಡಿ. ಎದೆನೋವು, ಉಸಿರಾಟದ ತೊಂದರೆ ಕಂಡರೆ 108ಕ್ಕೆ ಫೋನ್ ಮಾಡಿ ಕೂಡಲೇ ಆಸ್ಪತ್ರೆಗೆ ಹೋಗಿ. ನಾಳೆ ಶುಕ್ರವಾರ, ನಾಡಿದ್ದು ಸಂತೆ ಎಂದು ಮುಂದೂಡಬೇಡಿ.

ಸಹನೆ ಎಂದರೆ ನೋವನ್ನು ನುಂಗಿಕೊಂಡು ಕೊಡ ಹೊರುವುದು ಎಂದು ನಮಗೆ ಯಾರೋ ಕಲಿಸಿಬಿಟ್ಟಿದ್ದಾರೆ. ಕೆಲಸ ಕಣ್ಣ ಮುಂದಿದ್ದರೂ ಕೈಯನ್ನು ಪಟ್ಟಿಯೊಳಗೇ ಇಟ್ಟು ಕೂರುವುದೂ ಸಹನೆಯೇ. ನಮ್ಮಂಥ ಹೆಂಗಸರಿಗೆ ಬಹುಶಃ ಅದೇ ಹೆಚ್ಚು ಕಷ್ಟದ ಸಹನೆ. ಆ ದಿನಗಳಲ್ಲಿ ನಾಲಿಗೆಗೆ ಬಿಡುವಿದೆ, ದಿಕ್ರ್ ಮಾಡಿ. ಕಣ್ಣಿಗೆ ಬಿಡುವಿದೆ, ಕುರ್‌ಆನ್ ಓದಿ, ನಿಮ್ಮ ಮಕ್ಕಳಿಂದ ಓದಿಸಿ ಕೇಳಿ. ವರ್ಷಗಟ್ಟಲೆ ಸಿಗದ ಬಿಡುವನ್ನು ಅಲ್ಲಾಹನು ಈ ನೋವಿನ ಜೊತೆಗೆ ಕಳಿಸಿದ್ದಾನೆಂದು ತಿಳಿಯಿರಿ.

ಕಾಯಿಲೆಯಲ್ಲಿರುವ ಎಲ್ಲ ಸಹೋದರಿಯರಿಗೂ ಅಲ್ಲಾಹನು ಸಂಪೂರ್ಣ ಶಿಫಾ ಕರುಣಿಸಲಿ. ಅವರ ಸೇವೆ ಮಾಡುವವರ ಕೈಗಳಿಗೆ ಬಲ ಕೊಡಲಿ. ಅವರ ಮನೆಯವರ ಹೃದಯಗಳಲ್ಲಿ ದಯೆ ತುಂಬಲಿ. ಆಮೀನ್.